ದೊಡ್ಡ ಮದಕದ ಕಾವಲು

ಅರಣ್ಯ ಇಲಾಖೆಗೆ ಹೊಸದಾಗಿ ಸೇರಿದ ಇಬ್ಬರು ಗಾರ್ಡುಗಳು ಕಳೆದ ತಿಂಗಳು ಪುತ್ತಿಗೆಯ ನಮ್ಮ ಮನೆಗೆ ಬಂದಿದ್ದರು. ಅವರನ್ನು ಒಂದು ಕೆರೆಯ ಕಾವಲಿಗೆ ಹಾಕಿದ್ದಾರಂತೆ. ಕಾಡಿನ ಡ್ಯೂಟಿ ಎಂದರೆ ಏನೆಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ, ನೀರಿನ ಡ್ಯೂಟಿ ಎಂದರೆ ಏನು ಮಾಡಬೇಕು ಎಂದು ಕೇಳಿದರು. ಕೂತುಕೊಳ್ಳಬೇಕು ಎಂದೆ. ಅವರು ನಕ್ಕರು. ಮುದುಕ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡಿರಬೇಕು. ಚಾ ಕುಡಿದು ಹೋದ ಮೇಲೆ ಅವರಿಗೆ ಸರಿಯಾಗಿ ಉತ್ತರ ಹೇಳಲಿಲ್ಲವಲ್ಲ ಎಂದು ಮನಸ್ಸಿಗೆ ಕಸಿವಿಸಿಯಾಯಿತು. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಎಲ್ಲಿಂದ ಎಲ್ಲಿಗೆ ವರ್ಗವಾಯಿತು ಎಂಬುದೆಲ್ಲ ಸೇವಾ ಪುಸ್ತಕದಲ್ಲಿದೆ. ಅದನ್ನು ಗೆದ್ದಲು ಓದಿಕೊಳ್ಳಲಿ.

ವಾಮದಪದವಿನಿಂದ ಒಳಗೆ, ಬಂಟ್ವಾಳ ಮುಗಿದು ಬೆಳ್ತಂಗಡಿ ಶುರುವಾಗುವ ಕಡೆ, ಊರವರು ದೊಡ್ಡ ಮದಕ ಎಂದು ಕರೆಯುವ ನೀರಿದೆ. ಮದಕ ಎಂದರೆ ಕೆರೆಯಲ್ಲ. ಕೆರೆಯನ್ನು ತೋಡುತ್ತಾರೆ, ಮದಕವನ್ನು ಕಟ್ಟುತ್ತಾರೆ. ಮೇಲಿನ ಪದವಿನಿಂದ, ಎಂದರೆ ಮುರಕಲ್ಲಿನ ಬೋಳು ಗುಡ್ಡದಿಂದ, ಇಳಿದು ಬರುವ ಮಳೆನೀರಿಗೆ ಕಣಿವೆಯ ಬಾಯಲ್ಲಿ ಮಣ್ಣಿನ ಏರಿ ಹಾಕಿ ನಿಲ್ಲಿಸಿರುತ್ತಾರೆ. ಏರಿಯ ಕೆಳಗೆ ಗದ್ದೆ, ಗದ್ದೆಯ ಬದಿಗೆ ಮನೆ, ಮನೆಗೊಂದು ಬಾವಿ. ಮದಕದಲ್ಲಿ ನಿಂತ ನೀರು ಯಾರಿಗೂ ಕಾಣದ ಹಾಗೆ ಮಣ್ಣಿನೊಳಗೆ ಇಳಿದು ಆ ಬಾವಿಗಳಿಗೆ ಹೋಗುತ್ತದೆ. ಹಿಂದಿನವರು ಇದನ್ನು ಯಾವ ನಕ್ಷೆಯೂ ಇಲ್ಲದೆ ಮಾಡಿದರು. ನಾವು ನಕ್ಷೆ ಮಾಡಿದ ಮೇಲೆ ಹೇಗೆ ಹಾಳುಮಾಡಿದೆವು ಎಂಬುದನ್ನು ಮುಂದೆ ಹೇಳುತ್ತೇನೆ.

ಅಲ್ಲಿಗೆ ನನ್ನನ್ನು ಹಾಕಿದಾಗ ನನಗೆ ಸಿಟ್ಟು ಬಂದಿತ್ತು. ಚಾರ್ಮಾಡಿ ಕಡೆಯ ಕಾಡಿನಲ್ಲಿ ತಿರುಗಿದವನು ನಾನು. ನೀರಿನ ಎದುರು ಒಂದು ಶೆಡ್ಡು, ಒಂದು ಬೆಂಚು. ಮೊದಲ ವಾರ ಬೆಂಚಿನಲ್ಲಿ ಕೂತು ತೂಕಡಿಸಿದೆ. ಎರಡನೆಯ ವಾರ ತೂಕಡಿಕೆ ಕಮ್ಮಿಯಾಯಿತು, ಆದರೆ ಎಚ್ಚರವೂ ಪೂರ್ತಿ ಬರಲಿಲ್ಲ. ನಡುವೆ ಒಂದು ಸ್ಥಿತಿ ಇದೆ, ಅದನ್ನು ಹೇಗೆ ಹೇಳುವುದೋ ಗೊತ್ತಿಲ್ಲ. ಬೆಳಿಗ್ಗೆ ಆರು ಗಂಟೆಗೆ ನೀರಿನ ಮೇಲೆ ಮಂಜು ನಿಂತಿರುತ್ತದೆ. ಆಚೆ ದಡ ಇರುವುದಿಲ್ಲ. ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ತಿಳಿಯುವುದಿಲ್ಲ. ಆ ಬಿಳುಪಿನ ಒಳಗಿನಿಂದ ಒಂದು ನೀರಕಾಗೆ ಬರುತ್ತದೆ, ಹೋಗುತ್ತದೆ. ಗುಳುಮುಳುಕ ಹಕ್ಕಿ ಮುಳುಗಿದರೆ ಅದು ಎಲ್ಲಿ ಏಳುತ್ತದೆ ಎಂದು ನಾನು ಮನಸ್ಸಿನಲ್ಲೇ ಪಂಥ ಕಟ್ಟಿಕೊಳ್ಳುತ್ತಿದ್ದೆ, ಒಂದು ದಿನವೂ ಗೆದ್ದಿಲ್ಲ. ಫಲ್ಗುಣಿ ಹೊಳೆಯಿಂದ ತೋಡು ಎಂಬ ಸಣ್ಣ ಹಳ್ಳ ಹತ್ತಿ ನೀರುನಾಯಿಗಳು ಕೆಲವೊಮ್ಮೆ ಬರುತ್ತಿದ್ದವು. ಮೂರು ತಲೆಗಳು ಸಾಲಾಗಿ ನೀರನ್ನು ಸೀಳಿಕೊಂಡು ಹೋಗಿ, ಏರಿಯ ಕಲ್ಲಿನ ಮೇಲೆ ಕೂತು ಮೀನನ್ನು ಕೈಯಲ್ಲಿ ಹಿಡಿದು ತಿನ್ನುವುದನ್ನು ನೋಡುತ್ತಾ ನಾನು ಎಷ್ಟೋ ಸಲ ನನ್ನ ತಿಂಡಿಯನ್ನು ಮರೆತಿದ್ದೇನೆ. ಮಧ್ಯಾಹ್ನ ಮನೆಗೆ ಬಂದರೂ ಕಣ್ಣಲ್ಲಿ ನೀರಿನ ಬೆಳಕು ಆಡುತ್ತಲೇ ಇರುತ್ತಿತ್ತು. ಹೆಂಡತಿ ಮಾತಾಡಿದರೆ ಎರಡನೆಯ ಸಲಕ್ಕೆ ಕೇಳುತ್ತಿತ್ತು.

ನಮ್ಮ ಮನೆಯ ಯಜಮಾನಿಕೆ ಸೋದರಮಾವನದು. ಅವರಿಗೆ ಮುಂಬಯಿಯಲ್ಲಿ ಹೋಟೆಲು. ಊರಿಗೆ ಬಂದಾಗಲೆಲ್ಲ ನೆಂಟರ ಎದುರು ನನ್ನನ್ನು ತೋರಿಸಿ, ಶೆಟ್ಟರ ಮನೆಯವನು ಗಲ್ಲಾದಲ್ಲಿ ಕೂರುವುದು ಬಿಟ್ಟು ಕೊಕ್ಕರೆ ಎಣಿಸಲು ಕೂತಿದ್ದಾನೆ ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆದರೆ ಒಳಗೊಳಗೆ ಖುಷಿಯಾಗುತ್ತಿತ್ತು. ಮಾವನ ಹೋಟೆಲಿಗೆ ಯಾರು ಬಂದರೂ ಬಿಲ್ಲು ಕೊಟ್ಟು ಹೋಗಬೇಕು. ನನ್ನ ಗಿರಾಕಿಗಳು ಹಿಮಾಲಯದ ಆಚೆಯಿಂದಲೂ ಬಂದು ಪುಕ್ಕಟೆ ಕೂತು ಹೋಗುತ್ತಿದ್ದರು.

ನಾನು ಮಾಡಿದ ಎಡವಟ್ಟುಗಳಲ್ಲಿ ನಗುವಂಥದ್ದನ್ನು ಮೊದಲು ಹೇಳಿಬಿಡುತ್ತೇನೆ. ಎರಡನೆಯ ವರ್ಷದ ಮಳೆಗಾಲ ಮುಗಿದ ಮೇಲೆ, ಜೊಂಡಿನ ಬದಿಯಲ್ಲಿ ಉದ್ದಕ್ಕೆ, ಕಪ್ಪಗೆ, ಬೆನ್ನು ಮಾತ್ರ ಕಾಣುವ ಹಾಗೆ ಏನೋ ಮಲಗಿತ್ತು. ಮೂರು ದಿನ ನೋಡಿದೆ. ಒಂದು ದಿನ ಇಲ್ಲಿ, ಮರುದಿನ ಸ್ವಲ್ಪ ಆಚೆ. ಮೊಸಳೆ ಎಂದು ಆಫೀಸಿಗೆ ಫೋನು ಮಾಡಿದೆ. ನಮ್ಮ ಆಗಿನ ರೇಂಜರು ಬಯಲುಸೀಮೆಯವರು, ಉತ್ಸಾಹಿ. ಜೀಪು, ಬಲೆ, ಹಗ್ಗ, ನಾಲ್ಕು ಜನ, ಹಿಂದಿನಿಂದ ಅರ್ಧ ಊರು. ಹಗ್ಗ ಹಾಕಿ ಎಳೆದರೆ ಬಂದದ್ದು ಹೆಬ್ಬಲಸಿನ ದಿಮ್ಮಿ. ಮೇಲಿನ ಕಾಡಿನಿಂದ ಯಾರೋ ಕದ್ದು ಕಡಿದು, ಯಾರಿಗೂ ಕಾಣದಿರಲಿ, ಹದವೂ ಆಗಲಿ ಎಂದು ನೀರಿನಲ್ಲಿ ಮುಳುಗಿಸಿಟ್ಟಿದ್ದರು. ರೇಂಜರು ನನ್ನ ಮುಖವನ್ನೂ ದಿಮ್ಮಿಯನ್ನೂ ನೋಡಿ, ಮೊಸಳೆಯ ಬದಲು ಮರಗಳ್ಳತನದ ಕೇಸು ಬರೆಸಿದರು. ನಾನೇ ಪತ್ತೆ ಮಾಡಿದೆ ಎಂದು ಅದರಲ್ಲಿ ಮೆಚ್ಚುಗೆಯ ಮಾತೂ ಸೇರಿತು. ಊರಿನಲ್ಲಿ ಮಾತ್ರ ಮುಂದೆ ಎರಡು ವರ್ಷ ನನ್ನ ಹೆಸರು ಮೊಸಳೆ ಗಾರ್ಡು ಎಂದೇ ಇತ್ತು.

ದಿಮ್ಮಿಯನ್ನು ಎಳೆದ ದಿನ ಏರಿಯ ಮೇಲೆ ನಗದೆ ನಿಂತಿದ್ದವರು ಒಬ್ಬರೇ. ಅವರು ತುಕ್ರಪ್ಪಣ್ಣ. ಏರಿಯ ಕೆಳಗಿನ ಸಾಲಿನ ಕೊನೆಯ ಮನೆ ಅವರದು. ಆಗಲೇ ಎಪ್ಪತ್ತರ ಹತ್ತಿರ. ಅದು ಮೊಸಳೆ ಆಗಿದ್ದರೆ ಬಾತುಗಳು ಅಷ್ಟು ಹತ್ತಿರ ಈಜುತ್ತಿರಲಿಲ್ಲ, ಅದನ್ನು ನೋಡಬೇಕಿತ್ತು ಎಂದು ನಿಧಾನಕ್ಕೆ ಹೇಳಿದರು. ಅಂದಿನಿಂದ ನಾನು ಅವರ ಶಿಷ್ಯನಾದೆ. ಇಲಾಖೆಯ ಪಟ್ಟಿಯಲ್ಲಿದ್ದ ಹಕ್ಕಿಗಳಿಗೆಲ್ಲ ಅವರ ಬಳಿ ತುಳುವಿನಲ್ಲಿ ಬೇರೆ ಹೆಸರಿತ್ತು, ಒಂದೊಂದು ಹೆಸರಿಗೆ ಒಂದೊಂದು ಕಥೆ ಇತ್ತು. ಅವರಿಗೆ ಎಲ್ಲಕ್ಕಿಂತ ಇಷ್ಟ ಸಿಳ್ಳೆ ಬಾತುಗಳು. ಚಳಿ ಹಿಡಿಯುವ ಹೊತ್ತಿಗೆ ಅವು ಹಿಂಡು ಕಟ್ಟಿಕೊಂಡು ಬರುತ್ತವೆ. ಹಾರುವಾಗ ಒಂದೊಂದೂ ಸಣ್ಣಗೆ ಸಿಳ್ಳೆ ಹಾಕುತ್ತದೆ. ಮಂಜಿನಲ್ಲಿ ಹಕ್ಕಿ ಕಾಣದೆ ಬರೀ ಸಿಳ್ಳೆ ತಲೆಯ ಮೇಲೆ ಸುತ್ತುವಾಗ, ಆಕಾಶವೇ ಯಾವುದೋ ಹಾಡು ನೆನಪು ಮಾಡಿಕೊಳ್ಳುತ್ತಿದೆ ಎಂದು ನನಗೆ ಅನ್ನಿಸುತ್ತಿತ್ತು. ತುಕ್ರಪ್ಪಣ್ಣ ಕಣ್ಣು ಮುಚ್ಚಿ ಕೇಳುತ್ತಿದ್ದರು.

ಈಗ ಆ ಊರಿನ ಒಂದು ಕಟ್ಟಳೆಯನ್ನು ಹೇಳಬೇಕು. ಪತ್ತನಾಜೆ ಎಂದರೆ ನಮ್ಮಲ್ಲಿ ದೈವಗಳ ಕೋಲ, ನೇಮ, ಯಕ್ಷಗಾನ ಎಲ್ಲಕ್ಕೂ ಆ ವರ್ಷಕ್ಕೆ ಕೊನೆ ಹೇಳುವ ದಿನ, ಮೇ ತಿಂಗಳ ಅಂತ್ಯದಲ್ಲಿ ಬರುತ್ತದೆ. ಪತ್ತನಾಜೆಗೆ ಹತ್ತು ಹನಿ ಮಳೆ ಎನ್ನುತ್ತಾರೆ. ಆ ಹತ್ತು ಹನಿಗೆ ಮೊದಲಿನ ಭಾನುವಾರ, ಮದಕದ ನೀರು ಸೊಂಟಕ್ಕೆ ಇಳಿದಾಗ, ಇಡೀ ಊರು ಮೀನಿಗೆ ಇಳಿಯುತ್ತಿತ್ತು. ಬಲೆ ಇಲ್ಲ. ಕುತ್ತರಿ ಎಂಬ ತಳವಿಲ್ಲದ ಬಿದಿರಿನ ಬುಟ್ಟಿ, ಕೆಳಗೆ ಅಗಲ, ಮೇಲೆ ಕೈ ಹೋಗುವಷ್ಟು ಬಾಯಿ. ಅದನ್ನು ಕೆಸರಿಗೆ ಒತ್ತಿ, ಮೇಲಿನಿಂದ ಕೈ ಹಾಕಿ ಒಳಗೆ ಸಿಕ್ಕ ಮುಗುಡು ಮೀನನ್ನು ಹಿಡಿಯಬೇಕು. ಬುಟ್ಟಿ ಊರಲು ಜಾಗವಾಗಬೇಕೆಂದು ಎರಡು ದಿನ ಮೊದಲೇ ದಡದಲ್ಲೇ ನಿಂತು ಕೊಕ್ಕೆ ಹಾಕಿ ಜೊಂಡು, ಅಂತರಗಂಗೆ ಎಲ್ಲ ಎಳೆದು ಹಾಕುತ್ತಿದ್ದರು. ಮೀನಾದ ಮೇಲೆ ತಳದ ಕೆಸರನ್ನು ಬೇರೆ ಬುಟ್ಟಿಗಳಲ್ಲಿ ಹೊತ್ತು ಗದ್ದೆಗೆ ಒಯ್ಯುತ್ತಿದ್ದರು.

ನೀರಿಗೆ ಮೊದಲ ಹೆಜ್ಜೆ ಇಡುವ ಹಕ್ಕು ತುಕ್ರಪ್ಪಣ್ಣನ ಮನೆಯದು. ಏರಿ ಕಟ್ಟಿದವರು ಅವರ ಹಿರಿಯರು. ಅವರ ಅಪ್ಪನ ಕಾಲದಲ್ಲಿ ಅವರನ್ನು ಗುತ್ತಿನ ಮನೆಯ ಅಂಗಳಕ್ಕೂ ಬಿಡುತ್ತಿರಲಿಲ್ಲ. ಗುತ್ತು ಎಂದರೆ ನಮ್ಮಂಥ ಜಮೀನಿನವರ ದೊಡ್ಡ ಮನೆ. ಆದರೆ ಆ ಒಂದು ಭಾನುವಾರ ಗುತ್ತಿನವರೂ ಕುತ್ತರಿ ಹಿಡಿದು ಏರಿಯ ಮೇಲೆ ಕಾಯಬೇಕಿತ್ತು. ತುಕ್ರಪ್ಪಣ್ಣನ ಮನೆಯವರು ಇಳಿದು, ಮೊದಲ ಮೀನನ್ನು ಹಿಡಿದು, ಅದನ್ನು ನೀರಿಗೇ ಬಿಟ್ಟು, ಇನ್ನು ಬನ್ನಿ ಎಂದ ಮೇಲೆಯೇ ಉಳಿದವರ ಕಾಲು ಒದ್ದೆಯಾಗುತ್ತಿತ್ತು.

ನಾನು ಅಲ್ಲಿಗೆ ಬಂದು ಕೆಲವು ವರ್ಷಗಳಾದ ಮೇಲೆ ಮದಕಕ್ಕೂ ಸುತ್ತಲಿನ ಕಾಡಿಗೂ ನಕ್ಷೆ ಮಾಡಿ ಸಂರಕ್ಷಿತ ಎಂದು ಘೋಷಿಸಿದರು. ಬೋರ್ಡು ಬಂತು. ಕಸ ಹಾಕಬಾರದು, ಗಿಡ ಕೀಳಬಾರದು, ಮಣ್ಣು ತೆಗೆಯಬಾರದು, ಮೀನು ಹಿಡಿಯಬಾರದು. ಬೋರ್ಡು ನೆಟ್ಟವನು ನಾನೇ. ನಿಜ ಹೇಳುತ್ತೇನೆ, ನೆಡುವಾಗ ಎದೆ ಉಬ್ಬಿತ್ತು. ನನ್ನ ನೀರಿಗೆ ಕಡೆಗೂ ಒಂದು ಮರ್ಯಾದೆ ಬಂತು ಎಂದುಕೊಂಡಿದ್ದೆ. ನನ್ನ ನೀರು ಎಂದು ಯಾವಾಗ ಅನ್ನಿಸಲು ಶುರುವಾಯಿತೋ ಗೊತ್ತಿಲ್ಲ.

ಪತ್ತನಾಜೆ ಹತ್ತಿರ ಬಂದಾಗ ತುಕ್ರಪ್ಪಣ್ಣ ಶೆಡ್ಡಿನ ಮೆಟ್ಟಿಲಲ್ಲಿ ಬಂದು ಕೂತರು. ನಮ್ಮ ಮಾತೆಲ್ಲ ತುಳುವಿನಲ್ಲೇ, ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಭಾನುವಾರದ್ದು ಎಂತ ಮಾಡುವ ಗಾರ್ಡ್ರೇ?"

ಇನ್ನು ಮೀನು ಹಿಡಿಯಲು ಆಗುವುದಿಲ್ಲ, ಕಾನೂನು ಬಂದಿದೆ ಎಂದೆ. ನನ್ನ ಕೈಯಲ್ಲಿ ಏನೂ ಇಲ್ಲ ಎಂದೂ ಸೇರಿಸಿದೆ. ಅವರು ನೀರಿನ ಕಡೆ ತಿರುಗಿದರು.

"ವರ್ಷ ಇಡೀ ನಿಮ್ಮದೇ ಅಲ್ವಾ? ನಮ್ಮದು ಒಂದು ದಿನ. ಅದನ್ನೂ ತೆಗೀತೀರಾ?"

ನಾನು ಅದನ್ನು ಮೀನಿನ ಮಾತು ಎಂದುಕೊಂಡೆ. ಬೇಕಾದರೆ ಮಾರ್ಕೆಟಿನಿಂದ ತರಿಸಿಕೊಡುತ್ತೇನೆ ಎಂದು ತಮಾಷೆ ಮಾಡಿದೆ. ಅವರು ಎದ್ದು ಹೋದರು. ಭಾನುವಾರ ಬೆಳಿಗ್ಗೆ ಕುತ್ತರಿ ಹಿಡಿದು ಬಂದೇ ಬಂದರು. ಹಿಂದೆ ಊರಿನವರು. ನಾನು ಯೂನಿಫಾರ್ಮಿನಲ್ಲಿ ಏರಿಯ ಮೇಲೆ ನಿಂತು ಕೈ ಅಡ್ಡ ಹಿಡಿದೆ. ಅವರ ಎದೆಗೆ ನನ್ನ ಅಂಗೈ ತಾಗಿತು. ಯಾರೂ ಗಲಾಟೆ ಮಾಡಲಿಲ್ಲ. ತುಕ್ರಪ್ಪಣ್ಣ ತಿರುಗಿ ನಡೆದರು, ಜನ ದಾರಿ ಬಿಟ್ಟರು. ಆಮೇಲೆ ಅವರು ನನ್ನ ಜೊತೆ ಮಾತಾಡಲಿಲ್ಲ. ಊರಿನವರು ಮಾತಾಡುತ್ತಿದ್ದರು, ಬೇಕಾದಷ್ಟು ಮಾತ್ರ.

ಮೊದಲ ವರ್ಷ ಏನೂ ಗೊತ್ತಾಗಲಿಲ್ಲ. ಎರಡನೆಯ ವರ್ಷ ಜೊಂಡು ದಡ ಬಿಟ್ಟು ನಡುವಿಗೆ ನಡೆಯಿತು. ಜೊಂಡು ಹೆಚ್ಚಿದ್ದಕ್ಕೆ ನೀಲಿ ಜಂಬುಕೋಳಿಗಳು ಹೆಚ್ಚಾದವು. ಅವು ಬಣ್ಣದ ಹಕ್ಕಿಗಳು, ಫೋಟೋಕ್ಕೆ ಚಂದ. ಮೇಲಿನವರು ಸಂತೋಷಪಟ್ಟರು, ನಾನೂ ಪಟ್ಟೆ. ಆ ಹೊತ್ತಿಗೆ ನಮ್ಮ ಕೆಲಸದ ರೀತಿಯೂ ಬದಲಾಗಿತ್ತು. ಕಣ್ಣಿನಲ್ಲಿ ನೋಡಿ ಬರೆಯುವ ಬದಲು ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಬೇಕು. ಒಮ್ಮೆ ಮೇಲಿನಿಂದ ಚಿತ್ರ ತೆಗೆಯಲು ಡ್ರೋನು ತಂದರು. ಎಲ್ಲಿಂದಲೋ ಒಂದು ಗರುಡ ಬಂದು ಅದನ್ನು ಅಟ್ಟಿಸಿಕೊಂಡು ಹೋಯಿತು. ಏರಿಯ ಮೇಲಿದ್ದ ಹೆಂಗಸರು ಕೈಮುಗಿದರು, ಗರುಡನಿಗೋ ಡ್ರೋನಿಗೋ ಗೊತ್ತಿಲ್ಲ. ಸಿಕ್ಕಿದ ಚಿತ್ರದಲ್ಲಿ ಮದಕ ಹಸಿರಾಗಿ ಕಾಣುತ್ತಿತ್ತು. ಹಸಿರು ಎಂದರೆ ಒಳ್ಳೆಯದು ಎಂದು ನಾವು ಕಲಿತದ್ದು.

ಮೂರನೆಯ ಚಳಿಗಾಲ ಸಿಳ್ಳೆ ಬಾತುಗಳು ಬಂದವು. ಮಂಜಿನ ಮೇಲೆ ಒಂದು ಸುತ್ತು ಹಾಕಿದವು, ಎರಡು ಸುತ್ತು ಹಾಕಿದವು. ಇಳಿಯಲು ಬಯಲು ನೀರೇ ಇರಲಿಲ್ಲ. ಸಿಳ್ಳೆ ಸಣ್ಣದಾಗುತ್ತಾ ನಾರಾವಿಯ ದಿಕ್ಕಿಗೆ ಹೋಯಿತು. ಮರುದಿನ ಬರಬಹುದು ಎಂದು ಕಾದೆ. ಇಡೀ ತಿಂಗಳು ಕಾದೆ. ಕಣ್ಣು ಮುಚ್ಚಿದರೆ ಆ ಸಿಳ್ಳೆ ಕಿವಿಯಲ್ಲಿ ಸುತ್ತುತ್ತಿತ್ತು, ತೆರೆದರೆ ಇರುತ್ತಿರಲಿಲ್ಲ. ನೀರುನಾಯಿಗಳೂ ಬರುವುದನ್ನು ನಿಲ್ಲಿಸಿದ್ದವು. ಬೇಸಿಗೆಗೆ ಏರಿಯ ಕೆಳಗಿನ ಎರಡು ಬಾವಿಗಳು ತಳ ಕಂಡವು. ಒಂದು ತುಕ್ರಪ್ಪಣ್ಣನದು. ಅವರ ಮಗಳು ಲೀಲಕ್ಕ ಕೊಡ ಹಿಡಿದು ಮೇಲಿನ ಮನೆಗೆ ನೀರಿಗೆ ಹೋಗುವಾಗ ನನ್ನ ಬೆಂಚಿನ ಮುಂದೆಯೇ ಹೋಗುತ್ತಿದ್ದಳು. ಒಂದು ಮಾತೂ ಆಡುತ್ತಿರಲಿಲ್ಲ. ಆಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ವರ್ಷ ಹೊಸ ರೇಂಜರು ಬಂದರು. ಹಾವೇರಿ ಕಡೆಯ ಹೆಣ್ಣುಮಗಳು, ನನ್ನ ಅರ್ಧ ವಯಸ್ಸು. ಬಂದವರು ಫೈಲು ಕೇಳಲಿಲ್ಲ, ನನ್ನ ಬೆಂಚಿನಲ್ಲಿ ಕೂತು ಅರ್ಧ ದಿನ ನೀರು ನೋಡಿದರು. ಮೊದಲು ಹೇಗಿತ್ತು ಎಂದು ಕೇಳಿದರು. ನಾನು ಬಾತು, ಬಾವಿ, ಭಾನುವಾರ ಎಲ್ಲ ಹೇಳಿದೆ. ಅವರು ಜೊಂಡಿನ ಕಡೆ ಕೈ ತೋರಿಸಿದರು.

"ಅಲ್ರೀ, ನೀವು ನಿಲ್ಲಿಸಿದ್ದು ಮೀನು ಹಿಡಿಯೋದನ್ನೋ, ಕೆರೀ ತುಳಿಯೋದನ್ನೋ?"

ಉತ್ತರ ಎದುರಿಗೇ ಹಸಿರಾಗಿ ಬೆಳೆದು ನಿಂತಿತ್ತು. ಊರಿನ ನೂರಾರು ಕೈಕಾಲುಗಳು ವರ್ಷಕ್ಕೊಮ್ಮೆ ಜೊಂಡು ತುಳಿದು, ನೀರು ಮಣ್ಣಿಗೆ ಇಳಿಯುವಂತೆ ತಳದ ಕೆಸರು ತೆಗೆದು ಮಾಡುತ್ತಿದ್ದ ಕೆಲಸವನ್ನು ನಾನೊಬ್ಬ ಕೈ ಅಡ್ಡ ಹಿಡಿದು ನಿಲ್ಲಿಸಿದ್ದೆ. ಮೇಡಂ ಹೇಳಿದ ಹಾಗೆ ವರದಿ ಬರೆದೆ. ಅದು ಮೇಲೆ ಹೋಯಿತು, ಪ್ರಶ್ನೆ ಹೊತ್ತು ಕೆಳಗೆ ಬಂತು, ಮತ್ತೆ ಹೋಯಿತು. ಅಷ್ಟರಲ್ಲಿ ಇನ್ನೊಂದು ಪತ್ತನಾಜೆ ಕಳೆಯಿತು, ಇನ್ನೊಂದು ಚಳಿಗಾಲವೂ ಕಳೆಯಿತು. ಕೊನೆಗೆ ಗ್ರಾಮ ಅರಣ್ಯ ಸಮಿತಿಯ ಮೂಲಕ, ಹೂಳು ಮತ್ತು ಕಳೆ ತೆಗೆಯುವ ಶ್ರಮದಾನ ಎಂಬ ಹೆಸರಿನಲ್ಲಿ ಒಂದು ದಿನಕ್ಕೆ ಅನುಮತಿ ಬಂತು. ಕೆಸರಿನಲ್ಲಿ ಸಿಕ್ಕಿದ ಮೀನನ್ನು ಊರವರು ಒಯ್ಯಬಹುದು ಎಂದು ಕೊನೆಯ ಸಾಲಿನಲ್ಲಿತ್ತು.

ಕಾಗದ ಹಿಡಿದು ತುಕ್ರಪ್ಪಣ್ಣನ ಮನೆಗೆ ಹೋದೆ. ಅವರು ಜಗಲಿಯಲ್ಲಿದ್ದರು. ಮೊಣಕಾಲು ಬಾತಿತ್ತು, ಪಕ್ಕದಲ್ಲಿ ಕೋಲು. ಓದಿ ಹೇಳಿದೆ. ಪೂರ್ತಿ ಕೇಳಿದರು.

"ಸಂತೋಷ. ಊರವರು ಇಳೀಲಿ. ನಾನು ಇಳಿಯುವುದಿಲ್ಲ."

ಅವರು ಇಳಿಯದಿದ್ದರೆ ಯಾರೂ ಇಳಿಯುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಯಾಕೆ ಎಂದು ಕೇಳಿದೆ.

"ಎಲ್ಲರ ಎದುರು ನನ್ನ ಎದೆಗೆ ಕೈ ಇಟ್ರಿ. ಎಲ್ಲರ ಎದುರೇ ತಪ್ಪು ಕಾಣಿಕೆ ಹಾಕ್ಬೇಕು. ಇಲಾಖೆ ಅಲ್ಲ. ನೀವು."

ಏರಿಯ ಕೊನೆಯಲ್ಲಿ ದೈವದ ಕಲ್ಲೊಂದಿದೆ. ತಪ್ಪಿ ನಡೆದವನು ಅಲ್ಲಿ ವೀಳ್ಯದೆಲೆ, ಅಡಿಕೆ, ಒಂದು ನಾಣ್ಯ ಇಟ್ಟು ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಬೇಕು. ನಾನು ಆದೇಶ ಪಾಲಿಸಿದವನು ಎಂದು ಹೇಳಲು ಹೊರಟೆ. ಆದೇಶ ಕೊಟ್ಟವರು ಆ ದಿನ ಏರಿಯ ಮೇಲಿರಲಿಲ್ಲ ಎಂದು ಅವರು ನಾನು ಹೇಳುವ ಮೊದಲೇ ಹೇಳಿದರು. ಎರಡು ದಿನ ಕಳೆದರೂ ಹೂಂ ಎನ್ನಲು ನನಗೆ ಆಗಲಿಲ್ಲ. ಸುಳ್ಳು ಯಾಕೆ, ಯೂನಿಫಾರ್ಮು ಮಾತ್ರ ಅಡ್ಡ ಬಂದದ್ದಲ್ಲ. ಗುತ್ತಿನ ಮನೆಯ ಶೆಟ್ಟಿ ತುಕ್ರಪ್ಪಣ್ಣನಿಗೆ ತಪ್ಪಾಯಿತು ಎನ್ನಬೇಕೇ ಎಂಬುದೂ ಒಳಗೆ ಎಲ್ಲೋ ಕೂತಿತ್ತು. ಅದು ನನ್ನಲ್ಲಿದೆ ಎಂದು ಅಷ್ಟು ವರ್ಷ ನನಗೇ ಗೊತ್ತಿರಲಿಲ್ಲ. ಗೊತ್ತಾದಾಗ ನಾಚಿಕೆಯಾಯಿತು.

ಭಾನುವಾರ ಯೂನಿಫಾರ್ಮಿನಲ್ಲೇ ಹೋದೆ, ನಿಲ್ಲಿಸಿದಾಗಲೂ ಅದರಲ್ಲೇ ಇದ್ದೆನಲ್ಲ. ಊರೆಲ್ಲ ಏರಿಯ ಮೇಲಿತ್ತು. ಎಲೆ ಅಡಿಕೆ ಇಟ್ಟೆ, ನಾಣ್ಯ ಇಟ್ಟೆ, ತುಕ್ರಪ್ಪಣ್ಣನ ಕಡೆ ತಿರುಗಿ, ನಿಮ್ಮನ್ನು ತಡೆದದ್ದು ತಪ್ಪಾಯಿತು ಎಂದೆ. ಅವರು ಕೋಲನ್ನು ಲೀಲಕ್ಕನಿಗೆ ಕೊಟ್ಟು, ಕುತ್ತರಿ ತೆಗೆದುಕೊಂಡು, ಇನ್ನೊಂದು ಕೈಯನ್ನು ನನ್ನ ಮುಂದೆ ಚಾಚಿದರು. ಕಾಲು ನಿಲ್ಲುತ್ತಿರಲಿಲ್ಲ. ಅವರ ತೋಳು ಹಿಡಿದು ನಾನೂ ಬೂಟು ಸಮೇತ ಇಳಿದೆ. ಕೆಸರು ಮೊಣಕಾಲಿಗೆ ಬಂತು. ಅವರ ಪಾದ ಮುಂದೆ, ನನ್ನದು ಹಿಂದೆ. ಜೊಂಡಿನ ನಡುವೆ ತೆರವಿದ್ದ ಒಂದು ಜಾಗದಲ್ಲಿ ಕುತ್ತರಿ ಒತ್ತಿದರು. ಮೂರನೆಯ ಸಲಕ್ಕೆ ಒಂದು ಮುಗುಡು ಸಿಕ್ಕಿತು. ಅದನ್ನು ಎರಡೂ ಕೈಯಲ್ಲಿ ಹಿಡಿದು, ಸ್ವಲ್ಪ ಹೊತ್ತು ನೋಡಿ, ನೀರಿಗೆ ಬಿಟ್ಟರು. ಆಮೇಲೆ ಏರಿಯ ಕಡೆ ತಿರುಗಿ ಬನ್ನಿ ಎಂದರು. ಆ ಸದ್ದು, ಅಷ್ಟು ಜನ ಒಟ್ಟಿಗೆ ನೀರಿಗೆ ಬೀಳುವ ಸದ್ದು, ಈಗಲೂ ಮಧ್ಯಾಹ್ನ ಮಲಗಿದಾಗ ಕೇಳುತ್ತದೆ.

ಮಳೆಗಾಲದಲ್ಲಿ ಮದಕ ತುಂಬಿತು. ಡಿಸೆಂಬರಿನ ಒಂದು ಬೆಳಿಗ್ಗೆ ನಾನು ಬರುವಾಗ ಬೆಂಚಿನಲ್ಲಿ ಆಗಲೇ ತುಕ್ರಪ್ಪಣ್ಣ ಕೂತಿದ್ದರು. ಕೈಯೆತ್ತಿ ಸದ್ದು ಮಾಡಬೇಡಿ ಎಂದು ತೋರಿಸಿದರು. ಪಕ್ಕದಲ್ಲಿ ಹೋಗಿ ಕೂತೆ. ಮಂಜಿನ ಒಳಗೆ ಸಿಳ್ಳೆ ಸುತ್ತುತ್ತಿತ್ತು. ಒಂದು ಸುತ್ತು, ಎರಡು ಸುತ್ತು. ಆಮೇಲೆ ಸಿಳ್ಳೆ ನಿಂತಿತು, ನೀರು ಅಲ್ಲಲ್ಲಿ ಸಣ್ಣಗೆ ಒಡೆದ ಸದ್ದಾಯಿತು. ಮಂಜು ಎದ್ದಾಗ ಅವು ನಡು ನೀರಿನಲ್ಲಿ ಕೂತಿದ್ದವು, ಎಷ್ಟೋ. ನಾನು ಅಳುತ್ತಿದ್ದೆ. ಅದನ್ನು ಮುಚ್ಚಿಡಲು ಹೋಗಲಿಲ್ಲ.

"ನಾಲ್ಕು ವರ್ಷ," ಎಂದರು ತುಕ್ರಪ್ಪಣ್ಣ. ಸಿಟ್ಟಿನಿಂದಲ್ಲ. ಹಕ್ಕಿಗಳನ್ನು ನೋಡುತ್ತಲೇ ಹೇಳಿದರು.

ಹೌದು, ನಾಲ್ಕು ವರ್ಷ ಎಂದೆ. ಬಾತುಗಳು ಬರದ ಕಾಲ ಅಷ್ಟಿಲ್ಲವಲ್ಲ ಎಂದು ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ಅವರು ಹೇಳಿದ್ದು ಬಾತಿನ ಮಾತಲ್ಲ ಎಂದು ಆಗ ಹೊಳೆಯಲಿಲ್ಲ. ಮುಂದಿನ ಪತ್ತನಾಜೆಗೆ ಅವರಿಗೆ ಏರಿಯ ತನಕ ನಡೆಯಲು ಆಗಲಿಲ್ಲ, ಲೀಲಕ್ಕ ಇಳಿದಳು. ಅದರ ಮುಂದಿನದಕ್ಕೆ ಅವರೇ ಇರಲಿಲ್ಲ. ಈಗ ನನಗೂ ಎಪ್ಪತ್ತು ಹತ್ತಿರವಾಗಿದೆ. ವರ್ಷದಲ್ಲಿ ಒಂದೇ ದಿನ ಎಲ್ಲರಿಗಿಂತ ಮುಂದೆ ನಡೆಯುವ ಮನುಷ್ಯನಿಗೆ ಈ ವಯಸ್ಸಿನಲ್ಲಿ ಅಂಥ ದಿನಗಳು ಎಷ್ಟು ಉಳಿದಿರುತ್ತವೆ ಎಂದು ಬೆರಳಿನಲ್ಲಿ ಎಣಿಸಬಹುದು. ಅವುಗಳಲ್ಲಿ ನಾಲ್ಕನ್ನು ನಾನು ತೆಗೆದುಕೊಂಡೆ.